"ಒಳ್ಳೆ ಟೀಮ್ ಪ್ಲೇಯರ್" ಅನ್ನೋ ಹೊಗಳಿಕೆ ನಮಗೆ, ಪ್ರಮೋಶನ್ ಇನ್ನೊಬ್ರಿಗೆ. ನಿಮ್ಮ ಆಫೀಸಲ್ಲೂ ಹೀಗೇನಾ?

ಬನಶಂಕರಿ_ಥರ್ಡ್‌ಸ್ಟೇಜ್:

ಎಲ್ರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಾನು ಔಟರ್ ರಿಂಗ್ ರೋಡ್ ಕಡೆ ಒಂದು ಸಾಫ್ಟ್‌ವೇರ್ ಕಂಪನೀಲಿ ಸೀನಿಯರ್ ಇಂಜಿನಿಯರ್. ಟೀಮಲ್ಲಿ ಹನ್ನೊಂದು ಜನ, ಅದ್ರಲ್ಲಿ ನಾವು ನಾಲ್ಕು ಜನ ಹೆಣ್ಮಕ್ಕಳು. ಈ ಸಲ ಅಪ್ರೈಸಲಲ್ಲಿ ನನ್ ಬಗ್ಗೆ ಮ್ಯಾನೇಜರ್ ಬರೆದಿರೋದು ಏನಂದ್ರೆ, ತುಂಬಾ ಒಳ್ಳೆ ಟೀಮ್ ಪ್ಲೇಯರ್, ಎಲ್ರನ್ನೂ ಜೊತೇಲಿ ಕರ್ಕೊಂಡು ಹೋಗ್ತಾರೆ, ಆದ್ರೆ ಟೆಕ್ನಿಕಲ್ ಓನರ್‌ಶಿಪ್ (ಅಂದ್ರೆ ತಾಂತ್ರಿಕ ಕೆಲಸದ ಪೂರ್ತಿ ಹೊಣೆ ಹೊರೋದು) ಇನ್ನೂ ಕಾಣಿಸ್ಬೇಕು ಅಂತ. ರೇಟಿಂಗ್ ಸಾಧಾರಣ. ನನ್ ಜೊತೇನೇ ಸೇರಿದ ಹುಡುಗನಿಗೆ ಲೀಡ್ ಪೋಸ್ಟ್ ಬಂತು, ಅವನು ಕೆಲಸ ಚೆನ್ನಾಗೇ ಮಾಡ್ತಾನೆ, ಅವನ ಮೇಲೆ ನನಗೇನೂ ಬೇಜಾರಿಲ್ಲ.

ಆದ್ರೆ ಆ ವಾಕ್ಯ ಓದಿದ ಮೇಲೆ ನಾನು ಹಳೇ ಕ್ಯಾಲೆಂಡರ್ ತೆಗೆದು ಕೂತ್ಕೊಂಡು ನೋಡ್ದೆ. ಹೊಸಬರು ಸೇರಿದಾಗ ಅವರ ಲ್ಯಾಪ್‌ಟಾಪ್‌ಗೆ ಆಕ್ಸೆಸ್ ಕೊಡ್ಸೋದ್ರಿಂದ ಹಿಡಿದು ಕೋಡ್ ಎಲ್ಲೆಲ್ಲಿದೆ ಅಂತ ತೋರ್ಸೋವರೆಗೆ ನಾನು, ಇಲ್ಲಾಂದ್ರೆ ನನ್ನ ಪಕ್ಕದ ಸೀಟಿನ ಹುಡುಗಿ. ಕ್ಲೈಂಟ್ ಕಾಲ್ ಮಿನಿಟ್ಸ್ ನಾವು. ಟೆಸ್ಟಿಂಗ್ ಟೀಮಿಗೂ ನಮ್ ಟೀಮಿಗೂ ಜಗಳ ಆದ್ರೆ ಸಮಾಧಾನ ಮಾಡೋದು ನಾವು. ಯಾರದ್ದಾದ್ರೂ ಫೇರ್‌ವೆಲ್ ಇದ್ರೆ ಕಾರ್ಡು, ಕೇಕು, ದುಡ್ಡು ಕಲೆಕ್ಟ್ ಮಾಡೋದು ನಾವು. ಇದನ್ನ ಯಾರೂ ಬಲವಂತವಾಗಿ ನಮ್ ತಲೆಗೆ ಕಟ್ಟಿಲ್ಲ, ಅದೇ ನನಗೆ ತಲೆ ಕೆಡಿಸ್ತಿರೋದು. ಸ್ಕ್ರಮ್ ಮಾಸ್ಟರ್ (ಟೀಮ್ ಮೀಟಿಂಗ್ ನಡೆಸೋರು) ರಜದಲ್ಲಿದ್ದಾಗ ಸ್ಟ್ಯಾಂಡಪ್, ಅಂದ್ರೆ ದಿನದ ಚಿಕ್ಕ ಮೀಟಿಂಗ್, ಶುರುವಾಗುತ್ತೆ, "ಇವತ್ತು ಯಾರು ಸ್ಕ್ರೀನ್ ಶೇರ್ ಮಾಡ್ತೀರಾ" ಅಂತ ಒಬ್ರು ಕೇಳ್ತಾರೆ, ಎಲ್ಲಾ ಮ್ಯೂಟು, ಒಂದಷ್ಟು ಹೊತ್ತು ಯಾರೂ ಉಸಿರೆತ್ತಲ್ಲ, ಆಮೇಲೆ ನಮ್ ನಾಲ್ವರಲ್ಲಿ ಯಾರಾದ್ರೊಬ್ರು ಮೈಕ್ ಆನ್ ಮಾಡಿ "ನಾನು ಮಾಡ್ತೀನಿ" ಅಂತಾರೆ. ಪ್ರತೀ ಸಲ.

ಒನ್ ಆನ್ ಒನ್ನಲ್ಲಿ, ಅಂದ್ರೆ ಮ್ಯಾನೇಜರ್ ಜೊತೆ ಇಬ್ರೇ ಕೂತು ಮಾತಾಡೋ ಮೀಟಿಂಗಲ್ಲಿ, ಇದನ್ನ ಎತ್ತಿದಾಗ ಮ್ಯಾನೇಜರ್ ಹೇಳಿದ್ದು, ಹೆಣ್ಮಕ್ಕಳಿಗೆ ಟೀಮ್‌ವರ್ಕ್ ಸಹಜವಾಗೇ ಬರುತ್ತೆ, ಅದು ನಿಮ್ಮ ಸ್ಟ್ರೆಂತು, ಅದನ್ನ ಕಳ್ಕೋಬೇಡಿ ಅಂತ. ಒಳ್ಳೇ ಮನಸ್ಸಿಂದಾನೇ ಹೇಳಿದ್ರು.

ಎರಡು ಪ್ರಶ್ನೆ. ನಿಜವಾಗ್ಲೂ ಗಂಡಸರು ಹೆಂಗಸರು ಟೀಮಲ್ಲಿ ಕೆಲಸ ಮಾಡೋ ರೀತೀಲಿ ಹುಟ್ಟಾ ವ್ಯತ್ಯಾಸ ಇದ್ಯಾ? ಇನ್ನೊಂದು, ಇದನ್ನ ಜಗಳ ಅನ್ನಿಸದ ಹಾಗೆ, ಆದ್ರೆ ಗಟ್ಟಿಯಾಗಿ ಮೇಲೆ ಹೇಗೆ ತಿಳಿಸೋದು? ಈ ಪರಿಸ್ಥಿತೀಲಿ ಇದ್ದವರು, ಮ್ಯಾನೇಜರ್ ಆಗಿರೋರು ಹೇಳಿ.

ಕೆಂಗೇರಿ_ಲೋಕಲ್:

ಮೇಡಂ, ನಿಮ್ ಬೇಜಾರು ಅರ್ಥ ಆಗುತ್ತೆ, ಆದ್ರೆ ನಾನು ಸ್ವಲ್ಪ ಬೇರೆ ಥರ ಯೋಚ್ನೆ ಮಾಡ್ತೀನಿ. ನಮ್ ಟೀಮಲ್ಲಿ ಡಾಕ್ಯುಮೆಂಟ್ ಬರೆಯೋನು ನಾನು, ಹೊಸಬರಿಗೆ ಹೇಳ್ಕೊಡೋನು ನಾನು, ನಾನು ಗಂಡಸು. ನನಗೂ ಎರಡು ವರ್ಷದಿಂದ ಪ್ರಮೋಶನ್ ಇಲ್ಲ. ಟೀಮಲ್ಲಿ ಯಾರು ಸುಮ್ನಿರೋಕೆ ಆಗ್ದೆ ಕೆಲಸ ಎಳ್ಕೋತಾರೋ ಅವರ ತಲೆ ಮೇಲೇ ಬೀಳುತ್ತೆ, ಅದು ಸ್ವಭಾವದ ವಿಷಯ, ಗಂಡು ಹೆಣ್ಣು ಅಂತಲ್ಲ ಅನ್ಸುತ್ತೆ ನನಗೆ. ಜೆಂಡರ್ ಅಂತ ತಗೊಂಡು ಹೋದ್ರೆ ಮ್ಯಾನೇಜರ್ ತಕ್ಷಣ ಡಿಫೆನ್ಸಿಗೆ ಇಳೀತಾರೆ, ಎಚ್‌ಆರ್ ಬರ್ತಾರೆ, ವಿಷಯ ಎಲ್ಲಿಂದ ಎಲ್ಲಿಗೋ ಹೋಗುತ್ತೆ. "ಈ ಕೆಲಸಕ್ಕೆ ಲೆಕ್ಕ ಇಲ್ಲ" ಅಂತ ಹೇಳಿ. ಅದು ನನಗೂ ಅನ್ವಯಿಸುತ್ತೆ ನಿಮಗೂ ಅನ್ವಯಿಸುತ್ತೆ.

ಸರಸ್ವತಿಪುರಂ_ಅಕ್ಕ:

ನಾನು ಮೈಸೂರಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡ್ತೀನಿ, ಆರ್ಗನೈಸೇಶನಲ್ ಬಿಹೇವಿಯರ್ ನನ್ ವಿಷಯ, ಹಾಗಾಗಿ ಮೊದಲನೇ ಪ್ರಶ್ನೆಗೆ ಗೊತ್ತಿರೋದು ಬರೀತೀನಿ. ಕೆಂಗೇರಿಯವರು ಹೇಳಿದ್ದಕ್ಕೂ ಇದ್ರಲ್ಲೇ ಉತ್ತರ ಇದೆ.

ನಿಮ್ಮ ಸ್ಟ್ಯಾಂಡಪ್ ಮೌನ ಇದ್ಯಲ್ಲ, ಅದನ್ನೇ ಹೆಚ್ಚುಕಮ್ಮಿ ಹಾಗೇ ಲ್ಯಾಬಲ್ಲಿ ಮಾಡಿ ನೋಡಿದ್ದಾರೆ. ಲಿಂಡಾ ಬಾಬ್ಕಾಕ್, ಲೀಸ್ ವೆಸ್ಟರ್‌ಲುಂಡ್ ಮತ್ತೆ ಅವರ ಜೊತೆಯವರು ಅಮೆರಿಕದ ಪಿಟ್ಸ್‌ಬರ್ಗಲ್ಲಿ ಮಾಡಿದ್ದು, 2017ರಲ್ಲಿ ಅಮೆರಿಕನ್ ಎಕನಾಮಿಕ್ ರಿವ್ಯೂನಲ್ಲಿ ಬಂತು. ಮೂರು ಮೂರು ಜನರ ಗುಂಪು, ಕಂಪ್ಯೂಟರ್ ಮುಂದೆ ಎರಡು ನಿಮಿಷ ಟೈಮು. ಯಾರಾದ್ರೂ ಒಬ್ರು ಬಟನ್ ಒತ್ಬೇಕು. ಒತ್ತಿದವರಿಗೆ 1.25 ಡಾಲರ್, ಉಳಿದ ಇಬ್ರಿಗೆ 2 ಡಾಲರ್. ಯಾರೂ ಒತ್ತದಿದ್ರೆ ಮೂರೂ ಜನಕ್ಕೆ ಬರೀ 1 ಡಾಲರ್. ಅಂದ್ರೆ ಯಾರಾದ್ರೂ ಮಾಡ್ಲೇಬೇಕು ಆದ್ರೆ ಮಾಡಿದವರಿಗೇ ನಷ್ಟ, ಥೇಟ್ ಮಿನಿಟ್ಸ್ ಬರೆಯೋ ಕೆಲಸ. ಗಂಡು ಹೆಣ್ಣು ಇಬ್ರೂ ಇದ್ದ ಗುಂಪಲ್ಲಿ ಹೆಂಗಸರು ಗಂಡಸರಿಗಿಂತ 48% ಜಾಸ್ತಿ ಸಲ ಮುಂದೆ ಬಂದ್ರು.

ಇಷ್ಟು ಕೇಳಿದ್ರೆ ನಿಮ್ಮ ಮ್ಯಾನೇಜರ್ ಹೇಳಿದ್ದೇ ಸರಿ ಅನ್ನಿಸುತ್ತೆ, ಹೆಂಗಸರಿಗೆ ಅದು ಸಹಜ ಅಂತ. ಆದ್ರೆ ಅವರು ಇನ್ನೊಂದು ಸುತ್ತು ಮಾಡಿದ್ರು, ಬರೀ ಗಂಡಸರ ಗುಂಪು, ಬರೀ ಹೆಂಗಸರ ಗುಂಪು. ಆಗ ವ್ಯತ್ಯಾಸಾನೇ ಮಾಯ! ಪಕ್ಕದಲ್ಲಿ ಹೆಂಗಸರು ಇಲ್ಲ ಅಂತ ಗೊತ್ತಾದ ತಕ್ಷಣ ಗಂಡಸರೂ ಅಷ್ಟೇ ಸಲ ಬಟನ್ ಒತ್ತಿದ್ರು. ಸ್ವಭಾವ ಆಗಿದ್ರೆ ಗುಂಪು ಬದಲಾದ ಕೂಡ್ಲೆ ಬದಲಾಗ್ತಿತ್ತಾ? ಅದು ನಿರೀಕ್ಷೆ ಅಷ್ಟೇ. ಅವಳಿದ್ದಾಳೆ, ಅವಳು ಮಾಡ್ತಾಳೆ ಅನ್ನೋದು ಗಂಡಸರಿಗೂ ಗೊತ್ತಿರುತ್ತೆ, ನಾನೇ ಮಾಡ್ಬೇಕಾಗುತ್ತೆ ಅನ್ನೋದು ಹೆಂಗಸರಿಗೂ ಗೊತ್ತಿರುತ್ತೆ.

ಆಮೇಲೆ ನಾಲ್ಕನೇ ವ್ಯಕ್ತಿಯನ್ನ ಸೇರ್ಸಿ, ನೀವು ಮ್ಯಾನೇಜರ್, ಮೂವರಲ್ಲಿ ಯಾರನ್ನ ಕೇಳ್ತೀರಿ ಅಂದ್ರು. ಹೆಂಗಸರನ್ನ ಕೇಳಿದ್ದು 44% ಜಾಸ್ತಿ, ಕೇಳಿದವರಲ್ಲಿ ಹೆಂಗಸರೂ ಇದ್ರು, ಅದ್ರಲ್ಲೇನೂ ಫರಕ್ಕಿಲ್ಲ. ಕೇಳಿದಾಗ ಒಪ್ಪಿದ್ದು ಹೆಂಗಸರಲ್ಲಿ 76%, ಗಂಡಸರಲ್ಲಿ 51%. ಹಾಗಾಗಿ "ಯಾರೂ ನಮ್ ತಲೆಗೆ ಕಟ್ಟಿಲ್ಲ" ಅಂತ ಬರೆದಿದ್ದೀರಲ್ಲ, ಆ ಮಾತನ್ನ ಇನ್ನೊಂದು ಸಲ ಯೋಚ್ನೆ ಮಾಡಿ.

ಹುಟ್ಟಾ ವ್ಯತ್ಯಾಸ ಇದ್ಯಾ ಅನ್ನೋದಕ್ಕೆ: ಸಹಕಾರದ ಬಗ್ಗೆ ಐವತ್ತು ವರ್ಷ ನಡೆದ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ಡ್ಯಾನಿಯಲ್ ಬ್ಯಾಲಿಯೆಟ್ ತಂಡ 2011ರಲ್ಲಿ ಲೆಕ್ಕ ಮಾಡಿತು. ಒಟ್ಟಾರೆ ನೋಡಿದ್ರೆ ವ್ಯತ್ಯಾಸ ಸೊನ್ನೆ ಹತ್ರ. ಬಿಡಿಸಿ ನೋಡಿದ್ರೆ ಮಾತ್ರ ಮಜಾ ಇದೆ, ಗಂಡಸರು ಗಂಡಸರ ಜೊತೆ ಇದ್ದಾಗ ಹೆಂಗಸರು ಹೆಂಗಸರ ಜೊತೆ ಇದ್ದಾಗಿಗಿಂತ ಸ್ವಲ್ಪ ಜಾಸ್ತಿ ಸಹಕರಿಸ್ತಾರೆ, ಮಿಶ್ರ ಗುಂಪಲ್ಲಿ ಹೆಂಗಸರು ಜಾಸ್ತಿ. ಅಂದ್ರೆ ಯಾರ ಜೊತೆ ಕೂತಿದ್ದಾರೆ ಅನ್ನೋದ್ರ ಮೇಲೆ ಹೋಗುತ್ತೆ.

ಇನ್ನೊಂದು, ಹೆಂಗಸರು ಜಾಸ್ತಿ ಇರೋ ಟೀಮು ಜಾಣ ಟೀಮು ಅಂತ ಫಾರ್ವರ್ಡ್ ಬರ್ತಿರುತ್ತಲ್ಲ, ಅದರ ಮೂಲ 2010ರಲ್ಲಿ ಸೈನ್ಸ್ ಪತ್ರಿಕೇಲಿ ಬಂದ ಅನಿತಾ ವುಲ್ಲಿ ಅವರ ಅಧ್ಯಯನ. 699 ಜನರನ್ನ ಚಿಕ್ಕ ಚಿಕ್ಕ ಗುಂಪು ಮಾಡಿ ಬೇರೆ ಬೇರೆ ಕೆಲಸ ಕೊಟ್ಟು ನೋಡಿದ್ರು. ಗುಂಪಿನ ಸಾಮರ್ಥ್ಯ ಅದರಲ್ಲಿರೋ ಮಹಾ ಬುದ್ಧಿವಂತನ ಐಕ್ಯೂ ಮೇಲೆ ಅಷ್ಟಾಗಿ ನಿಂತಿರ್ಲಿಲ್ಲ. ಮಾತು ಎಲ್ರಿಗೂ ಸಮವಾಗಿ ಹಂಚಿ ಹೋಗ್ತಿತ್ತಾ, ಎದುರಿನವರ ಮುಖ ನೋಡಿ ಮನಸ್ಸು ಓದೋ ಶಕ್ತಿ ಸದಸ್ಯರಿಗೆ ಎಷ್ಟಿತ್ತು, ಇವೆರಡು ಮುಖ್ಯ ಆದ್ವು. ಹೆಂಗಸರ ಪ್ರಮಾಣವೂ ಲೆಕ್ಕಕ್ಕೆ ಬಂತು, ಆದ್ರೆ ಅದು ಬಹುಪಾಲು ಆ ಮನಸ್ಸು ಓದೋ ಶಕ್ತಿ ಮೂಲಕಾನೇ. ಈ ಫಲಿತಾಂಶದ ಬಗ್ಗೆ ಆಮೇಲೆ ವಾದ ವಿವಾದ ನಡೆದಿದೆ, ಹಾಗಾಗಿ ವೇದವಾಕ್ಯ ಅಂತ ಹಿಡ್ಕೋಬೇಡಿ. ಆದ್ರೆ ಒಬ್ಬನೇ ಮಾತಾಡೋ ಮೀಟಿಂಗು ಕೆಟ್ಟ ಮೀಟಿಂಗು ಅನ್ನೋದು ಇಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ.

ಬಿಡದಿ_ಟು_ಮದ್ದೂರು:

ಐಟಿಯವರ ಮಧ್ಯೆ ನಾನು ಗಾರ್ಮೆಂಟ್ಸ್ ಕಥೆ ಹೇಳ್ಲಾ? ಮೈಸೂರು ರೋಡಲ್ಲಿ ಒಂದು ಫ್ಯಾಕ್ಟರೀಲಿ ವೆಲ್‌ಫೇರ್ ಆಫೀಸರ್ ಆಗಿ ಬಹಳ ವರ್ಷ ಕೆಲಸ ಮಾಡ್ದೆ, ಈಗ ಬಿಟ್ಟಿದ್ದೀನಿ. ಟೀಮ್‌ವರ್ಕ್ ಅಂದ್ರೆ ಏನು ಅಂತ ನೋಡ್ಬೇಕಾದ್ರೆ ಒಂದು ಸ್ಟಿಚಿಂಗ್ ಲೈನ್ ಪಕ್ಕ ನಿಂತ್ಕೊಂಡು ನೋಡ್ಬೇಕು ಸ್ವಾಮಿ. ಒಂದು ಶರ್ಟು, ಕಾಲರ್ ಒಬ್ರು, ಕಫ್ ಒಬ್ರು, ಸ್ಲೀವ್ ಅಟ್ಯಾಚ್ ಒಬ್ರು, ಸೈಡ್ ಸೀಮ್ ಒಬ್ರು, ಹೀಗೆ ಸಾಲಾಗಿ ಮಿಷನ್ನು, ಒಬ್ರ ಕೈಯಿಂದ ಇನ್ನೊಬ್ರ ಕೈಗೆ ಬಂಡಲ್ ಹೋಗ್ತಾ ಇರುತ್ತೆ. ಲೈನ್ ಮುಂದೆ ಬೋರ್ಡು, ಗಂಟೆ ಗಂಟೆಗೆ ಎಷ್ಟು ಪೀಸ್ ಆಯ್ತು ಅಂತ ಸೂಪರ್‌ವೈಸರ್ ಬರೀತಾರೆ. ಕಾಲರ್ ಹತ್ರ ಬಂಡಲ್ ಗುಡ್ಡೆ ಬಿತ್ತು ಅಂದ್ರೆ ಮುಂದಿನವರೆಲ್ಲ ಕೈ ಕಟ್ಕೊಂಡು ಕೂರ್ಬೇಕು, ಬೋರ್ಡಲ್ಲಿ ನಂಬರ್ ಬಿದ್ದ್ಹೋಗುತ್ತೆ, ಬೈಗುಳ ಶುರು. ಆಗ ಏನಾಗುತ್ತೆ ಗೊತ್ತಾ, ಕಾಲರ್ ಕೆಲಸ ಬರೋ ಇನ್ನೊಬ್ಳು ತನ್ನ ಮಿಷನ್ ಬಿಟ್ಟು ಎದ್ದು ಬಂದು ಹತ್ತು ಇಪ್ಪತ್ತು ಪೀಸ್ ಎತ್ಕೊಡ್ತಾಳೆ. ಬಾತ್ರೂಮಿಗೆ ಹೋದವಳ ಜಾಗದಲ್ಲಿ ಪಕ್ಕದವಳು ಕೂತು ಹೊಡೀತಾಳೆ. ಹೊಸ ಹುಡುಗಿ ಹೊಲಿಗೆ ತಪ್ಪಿಸಿದ್ರೆ ಚೆಕಿಂಗಿಗೆ ಹೋಗೋ ಮುಂಚೆ ಪಕ್ಕದ ಅಕ್ಕ ಬಿಚ್ಚಿ ಸರಿಮಾಡಿ ಕೊಡ್ತಾಳೆ. ಬೋರ್ಡಲ್ಲಿ ಇದ್ಯಾವುದಕ್ಕೂ ಜಾಗ ಇಲ್ಲ, ಅಲ್ಲಿರೋದು ಪೀಸ್ ಮಾತ್ರ.

ಹೊಲಿಯೋರು ಬಹುಪಾಲು ಹೆಂಗಸರು, ನಿಂತು ಬೋರ್ಡ್ ಬರೆಯೋರು ಬಹುಪಾಲು ಗಂಡಸರು. ಲೈನ್ ನಡೆಸೋ ತಿಳುವಳಿಕೆ ಹೊಲಿಯೋರ ಹತ್ರಾನೇ ಇದ್ರೂ ಸೂಪರ್‌ವೈಸರ್ ಮಾಡೋಕೆ ಗಂಡಸನ್ನೇ ಹುಡುಕ್ತಾರೆ, ಕೇಳಿದ್ರೆ ಹೆಂಗಸರು ಹೆಂಗಸರ ಮಾತು ಕೇಳಲ್ಲ ಅಂತಾರೆ. ಮೊದಲ ಕೆಲವು ವಾರ ಕಷ್ಟ ಆಗುತ್ತೆ ನಿಜ, ನಾನೇ ನೋಡಿದ್ದೀನಿ, ಆಮೇಲೆ ಸರಿಹೋಗುತ್ತೆ. ಬಾಂಗ್ಲಾದೇಶದ ಗಾರ್ಮೆಂಟ್ಸಲ್ಲಿ ಹೆಂಗಸರಿಗೆ ಟ್ರೇನಿಂಗ್ ಕೊಟ್ಟು ಸೂಪರ್‌ವೈಸರ್ ಮಾಡಿ ನೋಡಿದ ಅಧ್ಯಯನದಲ್ಲೂ ಇದೇ ಬಂತು, ಶುರುವಲ್ಲಿ ಅವರ ಬಗ್ಗೆ ಅಭಿಪ್ರಾಯ ಕಮ್ಮಿ ಇತ್ತು, ಕೆಲವು ತಿಂಗಳು ಕಳೆಯೋ ಅಷ್ಟರಲ್ಲಿ ಆ ಅಂತರ ಹೋಯ್ತು.

ಎಲ್ರೂ ತಿಳ್ಕೋಬೇಕಾಗಿರೋ ಇನ್ನೊಂದು ವಿಷಯ ಇದೆ. ನಮ್ಮ ಬೆಂಗಳೂರಿನ ಗಾರ್ಮೆಂಟ್ಸಲ್ಲೇ ಹೆಂಗಸರಿಗೆ ಮಾತಾಡೋದು, ಟೈಮ್ ನೋಡ್ಕೊಳ್ಳೋದು, ಸಮಸ್ಯೆ ಬಗೆಹರಿಸೋದು ಇಂಥದ್ದನ್ನ ಕಲಿಸೋ ಟ್ರೇನಿಂಗ್ ಕೊಟ್ಟು, ಅಚ್ಯುತ ಅಧ್ವರ್ಯು, ನಮ್ರತಾ ಕಾಲಾ, ಅನಂತ್ ನ್ಯಾಷಾದಮ್ ಅನ್ನೋ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ರು. ಅವರ 2018ರ ವರದಿ ಪ್ರಕಾರ ಟ್ರೇನಿಂಗ್ ಆದವರ ಉತ್ಪಾದನೆ 20% ಜಾಸ್ತಿ ಆಯ್ತು. ಆ ಹೆಂಗಸರ ಸಂಬಳ ಎಷ್ಟು ಜಾಸ್ತಿ ಆಯ್ತು ಹೇಳಿ? 0.5%. ಅರ್ಧ ಪರ್ಸೆಂಟು! ಮಿಕ್ಕಿದ್ದೆಲ್ಲ ಕಂಪನಿಗೆ. ಬನಶಂಕರಿ ಮೇಡಂ, ನಿಮ್ ಅಪ್ರೈಸಲ್ ವಾಕ್ಯ ಓದಿದಾಗ ನನಗೆ ನೆನಪಾಗಿದ್ದು ಈ ಎರಡು ನಂಬರ್. ಏಸಿ ರೂಮಲ್ಲಿ ಕೂತ್ರೂ ಮಿಷನ್ ಮುಂದೆ ಕೂತ್ರೂ ಲೆಕ್ಕ ಅದೇ.

ಕೆಂಗೇರಿ_ಲೋಕಲ್:

@ಸರಸ್ವತಿಪುರಂ_ಅಕ್ಕ ಆ ಬಟನ್ ಪ್ರಯೋಗ ಚೆನ್ನಾಗಿದೆ, ಗೊತ್ತಿರ್ಲಿಲ್ಲ. ಆದ್ರೆ ಒಂದು ಪ್ರಶ್ನೆ, ಅದು ಅಮೆರಿಕದ ಕಾಲೇಜು ಹುಡುಗ್ರ ಮೇಲೆ ಮಾಡಿದ್ದು ಅಲ್ವಾ, ಮುಕ್ಕಾಲು ಡಾಲರ್ ನಷ್ಟಕ್ಕೂ ನಮ್ ಆಫೀಸಿನ ವರ್ಷಗಟ್ಟಲೆ ನಡೆಯೋ ರಾಜಕೀಯಕ್ಕೂ ಹೋಲಿಸೋಕಾಗುತ್ತಾ. ಮತ್ತೆ ನನ್ನಂಥ ಗಂಡಸರ ಪಾಡೇನು, ನಮ್ಮನ್ನ ಲೆಕ್ಕಕ್ಕೇ ತಗೊಳ್ಳಲ್ವಾ.

ಸರಸ್ವತಿಪುರಂ_ಅಕ್ಕ:

ನ್ಯಾಯವಾದ ಪ್ರಶ್ನೆ. ಲ್ಯಾಬು ಲ್ಯಾಬೇ, ಆಫೀಸಲ್ಲ. ಆದ್ರೆ ಅಲ್ಲಿ ಯಾರಿಗೂ ಯಾರ ಪರಿಚಯ ಇಲ್ಲ, ನಾಳೆ ಮುಖ ನೋಡೋ ಹಂಗಿಲ್ಲ, ಬಾಸ್ ಇಲ್ಲ. ಅಷ್ಟು ಸಣ್ಣ ವಿಷಯದಲ್ಲೇ ಇಷ್ಟು ಅಂತರ ಬಂದ್ರೆ, ಹೆಸರು ಮುಖ ಗೊತ್ತಿರೋ ಕಡೆ ಒತ್ತಡ ಜಾಸ್ತಿ ಆಗುತ್ತೇ ಹೊರತು ಕಮ್ಮಿ ಆಗುತ್ತೆ ಅಂತ ನನಗನ್ಸಲ್ಲ.

ನಿಮ್ಮಂಥವರ ಬಗ್ಗೆ: ಖಂಡಿತ ಇದ್ದೀರಿ, ನಿಮಗೂ ಅನ್ಯಾಯಾನೇ ಆಗ್ತಿರೋದು. ಆದ್ರೆ ಮೆಡಲಿನ್ ಹೈಲ್‌ಮನ್ ಅವರ 2005ರ ಒಂದು ಅಧ್ಯಯನ ಇದೆ, ಸಹೋದ್ಯೋಗಿಗೆ ಸಹಾಯ ಮಾಡಿದ ಗಂಡಸಿನ ಬಗ್ಗೆ ಜನರ ಅಭಿಪ್ರಾಯ ಮೇಲೇರುತ್ತೆ, ಅದೇ ಸಹಾಯ ಹೆಂಗಸು ಮಾಡಿದ್ರೆ ಏನೂ ಏರಲ್ಲ. ಮಾಡದಿದ್ರೆ ಹೆಂಗಸಿನ ಬಗ್ಗೆ ಅಭಿಪ್ರಾಯ ಇಳಿಯುತ್ತೆ, ಗಂಡಸಿಗೆ ಇಳಿಯಲ್ಲ. ಅವಳು ಮಾಡಿದ್ರೆ ಅದು ಅವಳ ಕರ್ತವ್ಯ, ಅವನು ಮಾಡಿದ್ರೆ ದೊಡ್ಡ ಮನಸ್ಸು. ಜಂಟಿ ಕೆಲಸದ ಹೆಸರು ಯಾರಿಗೆ ಹೋಗುತ್ತೆ ಅನ್ನೋದ್ರಲ್ಲೂ ಹಾಗೇ. ಅಮೆರಿಕದ ಅರ್ಥಶಾಸ್ತ್ರ ವಿಭಾಗಗಳಲ್ಲಿ ಯಾರಿಗೆ ಖಾಯಂ ಹುದ್ದೆ ಸಿಕ್ತು ಅಂತ ಹೆದರ್ ಸಾರ್ಸನ್ಸ್ ನೋಡಿದ್ರು. ಒಬ್ರೇ ಬರೆದ ಪೇಪರಿಗೆ ಹೆಂಗಸಿಗೂ ಗಂಡಸಿಗೂ ಒಂದೇ ಬೆಲೆ. ಗಂಡಸರ ಜೊತೆ ಸೇರಿ ಬರೆದ ಪೇಪರ್ ಆದ್ರೆ ಅವಳಿಗೆ ಸಿಗೋ ಬೆಲೆ ಕಮ್ಮಿ, ಅವನಿಗೆ ಕಮ್ಮಿ ಆಗಲ್ಲ. ಹೆಂಗಸರ ಜೊತೆ ಸೇರಿ ಬರೆದಿದ್ರೆ ಆ ನಷ್ಟ ಕಾಣಲ್ಲ.

ಬನಶಂಕರಿ_ಥರ್ಡ್‌ಸ್ಟೇಜ್:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಬಿಡದಿ ಅವರೇ, ಆ ಅರ್ಧ ಪರ್ಸೆಂಟ್ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ಅಕ್ಕ ಹೇಳಿದ ಪ್ರಕಾರ ನಾನು ಇನ್ಮೇಲೆ ಮಾಡಲ್ಲ ಅಂದ್ರೆ ನನಗೇ ಪೆಟ್ಟು, ಮಾಡಿದ್ರೆ ಓನರ್‌ಶಿಪ್ ಇಲ್ಲ ಅಂತಾರೆ. ಹಾಗಾದ್ರೆ ದಾರಿ ಏನು? ಇನ್ನೊಂದು ವಿಷಯ ಬರೆಯೋದು ಬಿಟ್ಟಿದ್ದೆ, ದೊಡ್ಡ ರಿಲೀಸ್ (ಸಾಫ್ಟ್‌ವೇರಿನ ಹೊಸ ಆವೃತ್ತಿ ಬಿಡೋದು) ಇರೋ ರಾತ್ರಿ ನಮಗೆ "ಲೇಟಾಗುತ್ತೆ, ನೀವು ಹೊರಡಿ, ಹುಡುಗ್ರು ನೋಡ್ಕೋತಾರೆ" ಅಂತಾರೆ. ಕಾಳಜಿಯಿಂದಾನೇ ಹೇಳೋದು. ಆದ್ರೆ ಪ್ರೊಡಕ್ಷನ್, ಅಂದ್ರೆ ಗ್ರಾಹಕರು ಬಳಸೋ ಸಿಸ್ಟಮ್, ಬಿದ್ದಾಗ ಎತ್ತಿ ನಿಲ್ಸಿದೋನ ಹೆಸರೇ ಮಾರನೇ ದಿನ ಮೇಲ್‌ನಲ್ಲಿ ಬರೋದು. ಅಲ್ಲದೆ ಮುಖ್ಯ ಡಿಸೈನ್ ಮಾತುಕತೆ ಎಲ್ಲಾ ಕೆಳಗೆ ಟೀ ಅಂಗಡಿ ಹತ್ರ ಸಿಗರೇಟ್ ಹಿಡ್ಕೊಂಡೇ ಮುಗಿದಿರುತ್ತೆ, ಮೀಟಿಂಗಿಗೆ ಬರೋ ಅಷ್ಟೊತ್ತಿಗೆ ತೀರ್ಮಾನ ಆಗಿರುತ್ತೆ.

ಜಯನಗರ_ಫೋರ್ತ್‌ಬ್ಲಾಕ್:

ನಾನು ಮ್ಯಾನೇಜರ್, ಹೆಂಗಸು, ಮೂವತ್ತು ಜನರ ಗ್ರೂಪ್ ನೋಡ್ಕೋತೀನಿ. ಎರಡನೇ ಪ್ರಶ್ನೆಗೆ ನೇರವಾಗಿ ಬರ್ತೀನಿ.

ಮೊದಲು, ನೀವೊಬ್ರೇ "ನಾನು ಮಾಡಲ್ಲ" ಅಂತ ಹೇಳಿ ಇದನ್ನ ಸರಿಮಾಡೋಕೆ ಹೋಗ್ಬೇಡಿ, ಯಾಕಂದ್ರೆ ನೀವು ಬಿಟ್ಟ ಕೆಲಸ ನಿಮ್ ಪಕ್ಕದ ಸೀಟಿನ ಹುಡುಗಿ ತಲೆಗೆ ಹೋಗುತ್ತೆ ಅಷ್ಟೇ. ಸರದಿ ಹಾಕ್ಸಿ. ನಮ್ಮಲ್ಲಿ ಮಿನಿಟ್ಸ್, ಸ್ಟ್ಯಾಂಡಪ್ ನಡೆಸೋದು, ಹೊಸಬರ ಜೊತೆಗಾರ ಆಗೋದು, ಫೇರ್‌ವೆಲ್ ಇವೆಲ್ಲಾ ಹೆಸರಿನ ಅಕ್ಷರದ ಪ್ರಕಾರ ವಾರ ವಾರ ತಿರುಗುತ್ತೆ, ನಾನೂ ಅದ್ರಲ್ಲಿದ್ದೀನಿ. "ಯಾರು ಮಾಡ್ತೀರಾ" ಅನ್ನೋ ಪ್ರಶ್ನೇನೇ ನಮ್ ಮೀಟಿಂಗಲ್ಲಿ ಇಲ್ಲ. ಯಾರಿಗಾದ್ರೂ ಆಗಲ್ಲ ಅಂದ್ರೆ ಅವರೇ ಅದಲು ಬದಲು ಮಾಡ್ಕೋಬೇಕು. ಶುರುವಲ್ಲಿ ಕೆಲವರು ಬೇಕಂತಲೇ ಕೆಟ್ಟದಾಗಿ ಬರೆದ್ರು, ಅವರ ಮಿನಿಟ್ಸ್ ಅವರಿಗೇ ವಾಪಸ್ ಕಳ್ಸಿದೆ, ಯಾವ ಹುಡುಗಿ ಕೈಲೂ ತಿದ್ದಿಸ್ಲಿಲ್ಲ. ಇದು ಬಹಳ ಮುಖ್ಯ, ಇಲ್ಲಿ ಸಡಿಲ ಬಿಟ್ರೆ ಎಲ್ಲಾ ಹಳೇ ಥರಾನೇ ಆಗೋಗುತ್ತೆ.

ಎರಡನೇದು, ಎರಡು ಕೆಲಸ ಬೇರೆ ಬೇರೆ ಮಾಡಿ. ಫೇರ್‌ವೆಲ್ ಕೇಕು ಹಂಚಿ ಹೋಗ್ಬೇಕಾದ ಕೆಲಸ. ಹೊಸಬರನ್ನ ತಯಾರು ಮಾಡೋದು, ಎರಡು ಟೀಮಿನ ಮಧ್ಯೆ ಕಗ್ಗಂಟು ಬಿಡ್ಸೋದು ಹಾಗಲ್ಲ, ಅದು ಲೀಡ್ ಕೆಲಸ, ಲೀಡ್ ಹುದ್ದೆಯ ವಿವರಣೇಲೇ ಬರೆದಿರುತ್ತೆ, ತೆಗೆದು ನೋಡಿ. ಅಪ್ರೈಸಲಲ್ಲಿ "ಎಲ್ರಿಗೂ ಸಹಾಯ ಮಾಡ್ದೆ" ಅಂತ ಬರೀಬೇಡಿ. "ಇಂಥಿಂಥ ಇಬ್ರನ್ನ ಇಷ್ಟು ವಾರದಲ್ಲಿ ಸ್ವತಂತ್ರವಾಗಿ ಕೋಡ್ ಮರ್ಜ್ ಮಾಡೋ (ಟೀಮಿನ ಮುಖ್ಯ ಕೋಡಿಗೆ ಸೇರಿಸೋ) ಮಟ್ಟಕ್ಕೆ ತಂದೆ, ಟೆಸ್ಟಿಂಗ್ ಜೊತೆ ಇದ್ದ ಇಂಥ ತಕರಾರು ಬಗೆಹರಿಸಿದ್ರಿಂದ ರಿಲೀಸ್ ತಾರೀಖು ಉಳೀತು" ಅಂತ ಬರೀರಿ. ಇವು ಲೀಡ್ ಮಾಡೋ ಕೆಲಸ, ನಾನು ಮಾಡಿದ್ದೀನಿ, ಹುದ್ದೆ ಯಾಕಿಲ್ಲ ಅಂತ ನೇರವಾಗಿ ಕೇಳಿ. ಕೇಳೋಕೆ ಸಂಕೋಚ ಬೇಡ.

ಜೆಂಡರ್ ಹೆಸರು ಎತ್ಬೇಕಾ ಬೇಡ್ವಾ ಅಂತ ಕೆಂಗೇರಿಯವರು ಹೇಳಿದ್ರಲ್ಲ, ನನ್ನ ಅಭಿಪ್ರಾಯ, ಎತ್ಬೇಕು. ಎತ್ತೋಕೆ ಮುಂಚೆ ಆರು ತಿಂಗಳ ಕ್ಯಾಲೆಂಡರ್ ತೋರ್ಸಿ. ಯಾರು ಎಷ್ಟು ಸಲ ಮಾಡಿದ್ದಾರೆ ಅನ್ನೋ ಟೇಬಲ್ ಮಾಡಿ ಮುಂದಿಟ್ರೆ ವಾದಕ್ಕೆ ಜಾಗ ಕಮ್ಮಿ, ಹೆಸರುಗಳು ತಾವಾಗೇ ಮಾತಾಡ್ತವೆ. ಕೆಂಗೇರಿಯವರಂಥ ಗಂಡಸರ ಹೆಸರೂ ಅದ್ರಲ್ಲಿ ಬರುತ್ತೆ, ಅವರಿಗೂ ನ್ಯಾಯ ಸಿಗುತ್ತೆ.

ರಿಲೀಸ್ ರಾತ್ರಿ ವಿಷಯ: ರಾತ್ರಿ ಹೆಣ್ಮಕ್ಕಳನ್ನ ಕೆಲಸಕ್ಕೆ ಹಾಕ್ಕೊಂಡ್ರೆ ಮನೆವರೆಗೂ ವಾಹನ, ಸೆಕ್ಯುರಿಟಿ ಕೊಡ್ಬೇಕು ಅನ್ನೋದು ಕರ್ನಾಟಕದಲ್ಲಿ ಇರೋ ಷರತ್ತೇ. ಹಾಗಾಗಿ "ಲೇಟಾಗುತ್ತೆ, ಹೊರಡಿ" ಅನ್ನೋ ಬದಲು ಕ್ಯಾಬ್ ಬುಕ್ ಮಾಡ್ಬೇಕಾದ್ದು ಕಂಪನಿ ಕೆಲಸ. ಇರ್ತೀನೋ ಹೋಗ್ತೀನೋ ಅಂತ ತೀರ್ಮಾನ ಮಾಡೋದು ನೀವು. ಆನ್‌ಕಾಲ್ ಸರದೀಲಿ (ತೊಂದರೆ ಆದಾಗ ಯಾರನ್ನ ಕರೀಬೇಕು ಅನ್ನೋ ಪಟ್ಟೀಲಿ) "ನನ್ನ ಹೆಸರು ಹಾಕಿ" ಅಂತ ಬರವಣಿಗೇಲಿ ಕೇಳಿ. ಟೀ ಅಂಗಡಿ ತೀರ್ಮಾನಕ್ಕೆ ನಮ್ ಗ್ರೂಪಲ್ಲಿರೋ ನಿಯಮ, ಡಾಕ್ಯುಮೆಂಟಲ್ಲಿ ಬರೆದು ಎಲ್ರ ಕಾಮೆಂಟ್ ಬರೋವರೆಗೂ ಅದು ತೀರ್ಮಾನ ಅಲ್ಲ. ಎಲ್ಲಿ ಬೇಕಾದ್ರೂ ಮಾತಾಡ್ಲಿ, ಟೀ ಕುಡೀಲಿ, ಪರವಾಗಿಲ್ಲ.

ಸಂಜೆ ಆರೂವರೆ ಮೇಲೆ ಮುಖ್ಯ ಮೀಟಿಂಗ್ ಇಡೋದು ನಾನು ನಿಲ್ಲಿಸಿದ್ದೀನಿ, ಕಾರಣ ಹೇಳ್ತೀನಿ. 2024ರ ಕೇಂದ್ರ ಸರ್ಕಾರದ ಟೈಮ್ ಯೂಸ್ ಸರ್ವೇಲಿ, ಸಂಬಳ ಇಲ್ಲದ ಮನೆಗೆಲಸ ಮಾಡೋರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕೊಡ್ತಾರೆ, ಗಂಡಸರು 88 ನಿಮಿಷ. ಐದು ವರ್ಷ ಹಿಂದಿನ ಸರ್ವೇಲಿ 299, 97 ಇತ್ತು. ಹೆಂಗಸರದ್ದು ಹತ್ತು ನಿಮಿಷ ಇಳೀತು ಅಂತ ಖುಷಿ ಪಡೋಣ ಅಂದ್ರೆ ಗಂಡಸರದ್ದೂ ಇಳಿದಿದೆ. ಆ ಹೊತ್ತಲ್ಲಿ ಮೀಟಿಂಗ್ ಇಟ್ಟು ಇವರು ಮಾತೇ ಆಡಲ್ಲ, ಟೀಮಲ್ಲಿ ಬೆರೆಯಲ್ಲ ಅಂದ್ರೆ ಹೇಗೆ?

ರೋಣದ_ಹುಡುಗ:

ನಮಸ್ಕಾರ್ರಿ ಎಲ್ಲಾರಿಗೂ. ನಾ ಗದಗ ಜಿಲ್ಲಾದಾಗ ಸ್ವಸಹಾಯ ಸಂಘಗಳ ಜೋಡಿ ಕೆಲಸ ಮಾಡ್ತೀನ್ರಿ, ಸ್ತ್ರೀಶಕ್ತಿ ಸಂಘ ಅಂತ ನಮ್ ರಾಜ್ಯದಾಗ 2000ದ ಇಸ್ವಿ ಸುಮಾರಿಗೆ ಶುರು ಆದ್ವಲ್ಲ ಅವು. ಸರದಿ ಅಂತ ಮೇಡಮ್ಮೋರು ಹೇಳಿದ್ದು ಓದಿ ಬರಿಯಾಕ ಕುಂತೆ, ಯಾಕಂದ್ರ ನಮ್ಮಲ್ಲೆ ಬರೇ ಹೆಣಮಕ್ಕಳ ಇರೋ ಕಡೆನೂ ಇದ ತೊಂದ್ರಿ ಐತ್ರಿ.

ಹದಿನೈದು ಇಪ್ಪತ್ತು ಮಂದಿ ಸಂಘದಾಗ ನಡಾವಳಿ ಬರಿಯೂದು, ಬ್ಯಾಂಕಿಗೆ ಹೋಗೂದು, ಸಾಲದ ಕಂತು ವಸೂಲಿ ಮಾಡೂದು ಯಾರೋ ಒಬ್ಬಾಕಿ ಮ್ಯಾಲೆ ಬೀಳ್ತೈತಿ. ಬಹಳ ಸಲ ಎಸ್ಸೆಸ್ಸೆಲ್ಸಿ ಆದಾಕಿ, ಇಲ್ಲಾ ಅಂಗನವಾಡಿ ಟೀಚರಮ್ಮ. ಪಾಪ ಆಕಿ ತನ್ನ ಹೊಲದ ಕೂಲಿ ಬಿಟ್ಟು, ಬಸ್ಸಿಗೆ ತನ್ನ ರೊಕ್ಕಾ ಹಾಕ್ಕೊಂಡು ಬ್ಯಾಂಕಿನ್ಯಾಗ ಮಧ್ಯಾಹ್ನದ ತನಕ ಪಾಳಿ ಹಚ್ಚಿ ಬರ್ತಾಳ, ಊರಾಗ ಬಂದ ಮ್ಯಾಲೆ ಲೆಕ್ಕ ಕೇಳೋರ ಹೆಚ್ಚು. ಅಂದ್ರ ಗಂಡಸ್ರ ಇಲ್ದ ಕಡೆನೂ ಒಬ್ಬರ ತಲಿ ಮ್ಯಾಲೆ ಬೀಳೂದು ತಪ್ಪೂದಿಲ್ರಿ, ಮೈಸೂರಿನ ಅಕ್ಕಾರು ಹೇಳಿದ್ದ ಪ್ರಯೋಗದ್ದ ಮಾತು ಖರೇ ಅನಸ್ತೈತಿ, ಯಾರ ಮ್ಯಾಲೆ ಎಲ್ಲಾರ ಕಣ್ಣು ಇರತೈತೋ ಆಕಿನ ಎದ್ದು ಮಾಡಬೇಕು.

ಚಲೋ ನಡಿಯೋ ಸಂಘ ಏನ ಮಾಡ್ತಾವ ಅಂದ್ರ, ಪ್ರತಿನಿಧಿಗಳನ್ನ ಬದಲಿ ಮಾಡ್ತಾವ, ಬ್ಯಾಂಕಿಗೆ ಹೋದಾಕಿಗೆ ಬಸ್ ಚಾರ್ಜು ಮತ್ತ ಆ ದಿನದ ಕೂಲಿ ಸಂಘದ ರೊಕ್ಕದಾಗ ಕೊಡ್ತಾವ, ಅದನ್ನ ನಡಾವಳಿ ಪುಸ್ತಕದಾಗ ಬರೀತಾವ. ಓದು ಬರಹ ಬರಲಾರದಾಕಿ ಸರದಿ ಬಂದಾಗ ಆಕಿ ಹೇಳ್ತಾಳ, ಆಕಿ ಮಗಳು ಬರೀತಾಳ, ಹೆಬ್ಬಟ್ಟು ಒತ್ತಾಕಿ ಆಕಿನ. ಮನ್ನೆ ಒಂದ ಸಂಘದಾಗ ಒಬ್ಬ ಅಜ್ಜಿ ನನ್ನ ಕಡೆ ಪುಸ್ತಕ ಸರಿಸಿ "ನನ್ನ ಹೆಸರು ಎಲ್ಲೈತಿ ತೋರ್ಸಪಾ" ಅಂತ ಕೇಳಿ ಬೆರಳಿಟ್ಟು ನೋಡಿದ್ಲು. ಆಫೀಸಿನ್ಯಾಗ ಓದಿ ಬರದು ಬಲ್ಲೋರು ಇದ್ದೀರಿ, ಮಾಡಿದ್ದ ಕೆಲಸಾನ ಪುಸ್ತಕದಾಗ ಹಚ್ಚೂದು ನಿಮಗೇನ ದೊಡ್ಡದಲ್ರಿ.

ಕೆಂಗೇರಿ_ಲೋಕಲ್:

ಜಯನಗರ ಮೇಡಂ, ಆ ಟೇಬಲ್ ಐಡಿಯಾ ನನಗೆ ಒಪ್ಪಿಗೆ. ಕಾರಣ ಸ್ವಭಾವನೋ ಜೆಂಡರೋ ಅನ್ನೋದ್ರಲ್ಲಿ ನನ್ ಅನುಮಾನ ಇನ್ನೂ ಪೂರ್ತಿ ಹೋಗಿಲ್ಲ, ಆದ್ರೆ ಟೇಬಲ್ ಹಾಕಿದ್ರೆ ಅದೂ ಗೊತ್ತಾಗುತ್ತೆ. ನಮ್ ಟೀಮಲ್ಲೂ ಕೇಳ್ತೀನಿ. ಒಂದು ಡೌಟು, ಅಕ್ಷರದ ಪ್ರಕಾರ ಸರದಿ ಅಂದ್ರಿ, ಹೊಸಬರ ಜೊತೆಗಾರ ಆಗೋದಕ್ಕೂ ಅದೇ ನಡೆಯುತ್ತಾ? ಕೆಲವರಿಗೆ ಹೇಳ್ಕೊಡೋಕೆ ಬರೋದೇ ಇಲ್ಲ, ಹೊಸಬರು ಹಾಳಾಗ್ತಾರೆ.

ಜಯನಗರ_ಫೋರ್ತ್‌ಬ್ಲಾಕ್:

ಒಳ್ಳೇ ಪ್ರಶ್ನೆ. ಮೊದಲ ವಾರದ ಕೆಲಸ, ಅಂದ್ರೆ ಆಕ್ಸೆಸ್, ಲ್ಯಾಪ್‌ಟಾಪ್, ಯಾರ್ಯಾರು ಏನು ಮಾಡ್ತಾರೆ ಅನ್ನೋದು ಎಲ್ರಿಗೂ ಸರದಿ, ಅದಕ್ಕೆ ಒಂದು ಚೆಕ್‌ಲಿಸ್ಟ್ ಇದೆ, ಹೇಳ್ಕೊಡೋ ಕಲೆ ಏನೂ ಬೇಡ. ಕೋಡ್ ಕಲಿಸೋದು ಸರದಿ ಅಲ್ಲ, ಅದನ್ನ ಬರೋರಿಗೇ ಕೊಡ್ತೀನಿ, ಆದ್ರೆ ಆ ಕ್ವಾರ್ಟರಲ್ಲಿ ಅವರ ಬೇರೆ ಕೆಲಸ ಅಷ್ಟು ಇಳಿಸಿ, ಗುರಿ ಪಟ್ಟೀಲಿ ಅದನ್ನ ಮೊದಲೇ ಸೇರಿಸ್ತೀನಿ. ಬರಲ್ಲ ಅನ್ನೋರನ್ನ ಎರಡನೇಯವರಾಗಿ ಪಕ್ಕದಲ್ಲಿ ಕೂರಿಸ್ತೀನಿ, ಮುಂದಿನ ಸಲ ಅವರದ್ದೇ. ಬನಶಂಕರಿಯವರೇ, ಟೇಬಲ್ ಮಾಡೋವಾಗ ರಿಲೀಸ್ ರಾತ್ರಿಗೆ ಯಾರ್ಯಾರನ್ನ ಕರೆದ್ರು ಅನ್ನೋ ಒಂದು ಕಾಲಮ್ಮೂ ಹಾಕಿ, ಮಿನಿಟ್ಸ್ ಕಾಲಮ್ ಪಕ್ಕದಲ್ಲೇ ಇರ್ಲಿ. ಮುಂದಿನ ಒನ್ ಆನ್ ಒನ್ಗೆ ಪ್ರಿಂಟ್ ತಗೊಂಡು ಹೋಗಿ, ಏನಾಯ್ತು ಅಂತ ಇಲ್ಲಿ ಬರೀರಿ.